ಹವಳದ ಹುತ್ತ, ಯಂತ್ರಮಾನವನ ಕೈ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನ ಆಚೀಚೆ ಕನ್ನಡ ಶಾಲೆಗಳಲ್ಲಿ, ವಾಚನಾಲಯಗಳಲ್ಲಿ ನಾನು ಕೆಲವು ವರ್ಷಗಳಿಂದ ಎರಡು ಬಗೆಯ ಚಿತ್ರಗಳನ್ನು ತೋರಿಸುತ್ತಾ ಬಂದಿದ್ದೇನೆ. ಒಂದು ಲಕ್ಷದ್ವೀಪದ ಹವಳದ ದಿಬ್ಬಗಳದ್ದು, ಇನ್ನೊಂದು ಮನುಷ್ಯನಂತೆ ತಲೆ, ಕೈ ಇರುವ ರೋಬೋಟುಗಳದ್ದು. ಮಾತು ಮುಗಿದ ಮೇಲೆ ಚಹಾ ಕುಡಿಯುವಾಗ, ಬಸ್ಸಿಗೆ ಕಾಯುವಾಗ, ಆಮೇಲೆ ಕಾಗದದಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಬರೆದು ಉತ್ತರಿಸಿದ್ದೇನೆ. ತಮಗೆ ಬೇಕಾದ ಒಂದನ್ನೇ ಓದಿ ಎದ್ದರೂ ತೊಂದರೆಯಿಲ್ಲ.

## ಮೊದಲಿಗೆ ಕೇಳುವವು

ಮಾಷ್ಟ್ರೇ, ಹವಳ ಅಂದ್ರೆ ಕಲ್ಲಾ, ಗಿಡವಾ, ಪ್ರಾಣಿಯಾ?

ಪ್ರಾಣಿ. ಆದರೆ ಮೂರೂ ಎನ್ನುವವರನ್ನು ನಾನು ತಿದ್ದಲು ಹೋಗುವುದಿಲ್ಲ, ಏಕೆಂದರೆ ಮೂರೂ ಅಲ್ಲಿವೆ.

ಮಲಯಾಳದಲ್ಲಿ ಹವಳದ ದಿಬ್ಬಕ್ಕೆ ‘ಪವಿಳಪ್ಪುಟ್ಟ್’ ಎನ್ನುತ್ತಾರೆ. ಪುಟ್ಟ್ ಎಂದರೆ ನಮ್ಮ ಹುತ್ತ. ಇದಕ್ಕಿಂತ ಒಳ್ಳೆಯ ಹೆಸರು ನನಗೆ ಗೊತ್ತಿಲ್ಲ. ಅಕ್ಕಿಕಾಳಿನಷ್ಟೋ ಅದಕ್ಕಿಂತ ಸ್ವಲ್ಪ ದೊಡ್ಡದೋ ಇರುವ ಮೆತ್ತಗಿನ ಜೀವಿಗಳು ಸಾವಿರಾರು ಒಟ್ಟಿಗೆ ಕೂತು, ಕಡಲ ನೀರಿನಿಂದ ಸುಣ್ಣದ ಅಂಶ ಹೀರಿ, ಕಾಲಡಿಗೆ ಕಲ್ಲು ಕಟ್ಟುತ್ತಾ ಹೋಗುತ್ತವೆ. ಗೆದ್ದಲು ಮಣ್ಣಿನಲ್ಲಿ ಮಾಡುವುದನ್ನು ಇವು ಸುಣ್ಣದಲ್ಲಿ ಮಾಡುತ್ತವೆ. ಒಂದೊಂದು ಜೀವಿಗೆ ಪಾಲಿಪ್ ಎಂದು ಹೆಸರು. ಅಂಬಲಿಮೀನಿನ ದೂರದ ನೆಂಟ. ಬಾಯಿ ಒಂದೇ, ಅದರ ಸುತ್ತ ಕುಟುಕುವ ಎಳೆಗಳು. ರಾತ್ರಿ ಎಳೆ ಚಾಚಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತದೆ.

ಗಿಡದ ಪಾಲು ಇರುವುದು ಅದರ ಮೈಯೊಳಗೆ. ಪಾಲಿಪಿನ ಮಾಂಸದಲ್ಲಿ ಏಕಕೋಶದ ಪಾಚಿ ಒಕ್ಕಲು ಕೂತಿರುತ್ತದೆ. ಇರಲು ಜಾಗ ಕೊಟ್ಟದ್ದಕ್ಕೆ ಅದು ಬಿಸಿಲಿನಿಂದ ಸಕ್ಕರೆ ತಯಾರಿಸಿ ಗೇಣಿ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 90ರಷ್ಟೂ ಈ ಗೇಣಿಯಿಂದಲೇ ಬರಬಹುದು. ನಾವು ಕಾಣುವ ಕಂದು, ಹಸಿರು ಬಣ್ಣ ಬಹುಪಾಲು ಪಾಚಿಯದ್ದು.

ಜೋಯಿಸರು ಉಂಗುರಕ್ಕೆ ಹೇಳಿದ ಕೆಂಪು ಹವಳ ಇದೇಯಾ?

ಅಲ್ಲ. ಕುಜನಿಗೆಂದು ಧರಿಸುವ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಕಡಲಿನದ್ದು. ಅದರ ಪಾಲಿಪಿಗೆ ಎಂಟು ಎಳೆ, ಮೈಯಲ್ಲಿ ಪಾಚಿ ಇಲ್ಲ, ಮಂದ ಬೆಳಕಿನ ಬಂಡೆ ಸಂದುಗಳಲ್ಲಿ ತೀರಾ ನಿಧಾನ ಬೆಳೆಯುತ್ತದೆ. ದ್ವೀಪ ಕಟ್ಟುವ ಹವಳಕ್ಕೆ ಆರು ಅಥವಾ ಆರರ ಮಗ್ಗಿಯಲ್ಲಿ ಎಳೆಗಳು. ಹೆಸರೊಂದೇ, ಕುಟುಂಬ ಬೇರೆ.

ಬೇಕಲದ ಕಡಲೂ ಅದೇ ಅರಬ್ಬಿ ಕಡಲು. ನಮ್ಮಲ್ಲಿ ಹವಳ ಯಾಕಿಲ್ಲ?

ಹವಳದ ದಿಬ್ಬಕ್ಕೆ ನಾಲ್ಕು ಬೇಕು: ಬೆಚ್ಚಗಿನ ನೀರು, ಉಪ್ಪು, ತಳದವರೆಗೆ ಬಿಸಿಲು, ಕೂರಲು ಗಟ್ಟಿ ನೆಲ. ನಮ್ಮ ಜಿಲ್ಲೆಯೊಂದರಲ್ಲೇ 12 ಹೊಳೆಗಳು ಕಡಲಿಗೆ ಸೇರುತ್ತವೆ. ಆಟಿ ತಿಂಗಳಲ್ಲಿ ಚಂದ್ರಗಿರಿಯ ಅಳಿವೆಯ ಬಳಿ ನಿಂತು ನೋಡಿ, ಕಡಲು ಎಷ್ಟೋ ದೂರದವರೆಗೆ ಮಣ್ಣಿನ ಬಣ್ಣ. ಆ ಕೆಸರು ಹವಳದ ಬಾಯಿ ಮುಚ್ಚುತ್ತದೆ, ಪಾಚಿಗೆ ಬೆಳಕು ತಪ್ಪಿಸುತ್ತದೆ, ಸಿಹಿನೀರು ಉಪ್ಪನ್ನು ತಗ್ಗಿಸುತ್ತದೆ. ತಳವೂ ಹೆಚ್ಚಿನ ಕಡೆ ಹೊಯಿಗೆ, ಕೆಸರು.

ಕರಾವಳಿಯಲ್ಲಿ ಎಲ್ಲೂ ಇಲ್ಲ ಎಂದಲ್ಲ. ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತ, ಮಹಾರಾಷ್ಟ್ರದ ಮಾಲ್ವಣದಲ್ಲಿ ಬಂಡೆಗಂಟಿದ ಹವಳ ಉಂಟು. ಆದರೆ ದ್ವೀಪವನ್ನೇ ಕಟ್ಟುವಷ್ಟು ಬೆಳೆದದ್ದನ್ನು ನೋಡಬೇಕಾದರೆ ಹೊಳೆಯೇ ಇಲ್ಲದ ಲಕ್ಷದ್ವೀಪಕ್ಕೆ ಹೋಗಬೇಕು. ಕೇರಳದ ಕರೆಯಿಂದ ಅದು ಸುಮಾರು 200ರಿಂದ 440 ಕಿಲೋಮೀಟರ್ ದೂರ.

ಲಕ್ಷದ್ವೀಪದ ಸುದ್ದಿ ನಮಗೆ ಎಂತಕ್ಕೆ?

ಈ ಪ್ರಶ್ನೆ ಕೇಳುವ ಹುಡುಗರಿಗೆ ಅವರ ಅಜ್ಜಂದಿರು ಉತ್ತರ ಕೊಡಬಲ್ಲರು. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ದ್ವೀಪಗಳು ಒಂದು ಕಾಲದಲ್ಲಿ ನಮ್ಮ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಕಲೆಕ್ಟರರ ಕಚೇರಿ ಮಂಗಳೂರಿನಲ್ಲಿ. ಹಾಯಿಯ ಮಂಜಿಗಳು ಅಲ್ಲಿಂದ ತೆಂಗಿನ ಹುರಿ, ಕೊಬ್ಬರಿ ತಂದು ಇಲ್ಲಿಂದ ಅಕ್ಕಿ ಒಯ್ಯುತ್ತಿದ್ದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು, ಅದೇ ದಿನ ಆ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು. ಒಂದೇ ಮನೆಯಿಂದ ಒಂದೇ ದಿನ ಬೇರೆಯಾದವರು ನಾವು. ಅವರ ನೆಲ ಕಾಯುತ್ತಿರುವ ಹವಳ ಬಿಳಿಚಿಕೊಂಡಿತು ಎಂದು ಕೇಳಿದಾಗ ನನಗೆ ಅದು ಪರದೇಶದ ಸುದ್ದಿಯಾಗಿ ಕೇಳಿಸುವುದಿಲ್ಲ.

ಮನೆಯ ಗಾಜಿನ ಕಪಾಟಿನಲ್ಲಿ ಅಜ್ಜನ ಕಾಲದ ಹವಳದ ತುಂಡು ಉಂಟು. ತಪ್ಪಾ?

ಗಟ್ಟಿ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಪಟ್ಟಿಯಲ್ಲಿವೆ, ಹುಲಿ ಆನೆಗಳ ಸಾಲಿನಲ್ಲಿ. ಕಡಲಿಂದ ಕೀಳುವುದು, ಮಾರುವುದು, ಕೊಳ್ಳುವುದು ಅಪರಾಧ. ಹಳೆಯ ತುಂಡು ಇದ್ದರೆ ಯಾರಿಗೂ ಮಾರಬೇಡಿ, ಕೊಡಬೇಡಿ. ಹತ್ತಿರದ ಅರಣ್ಯ ಕಚೇರಿಯಲ್ಲಿ ಕೇಳಿ ಮುಂದುವರಿಯಿರಿ.

ಕೇಳಲು ಹೋಗುವ ಮುಂಚೆ ಒಮ್ಮೆ ಅದನ್ನು ಭೂತಗನ್ನಡಿಯಲ್ಲಿ ನೋಡಿ. ಕುಂಬಳೆಯ ಒಂದು ಹಳೇ ಮನೆಯಲ್ಲಿ ನಾನು ಹಾಗೆ ನೋಡಿದ್ದೇನೆ. ಬರಿಗಣ್ಣಿಗೆ ಒರಟು ಸುಣ್ಣದ ಕಲ್ಲು. ಗಾಜು ಹಿಡಿದಾಗ ಮೈತುಂಬ ಸಣ್ಣ ಬಟ್ಟಲುಗಳು, ಒಂದಕ್ಕೊಂದು ತಾಗಿ, ಜೇನುಹಟ್ಟಿಯಂತೆ. ಪ್ರತಿ ಬಟ್ಟಲಿನ ಅಂಚಿನಿಂದ ನಡುವಿಗೆ ಕಾಗದದಷ್ಟು ತೆಳ್ಳಗಿನ ಗೋಡೆಗಳು. ಎಣಿಸಿದೆ: ಆರು ದೊಡ್ಡವು, ಅವುಗಳ ನಡುವೆ ಆರು ಚಿಕ್ಕವು. ಒಂದೊಂದು ಬಟ್ಟಲು ಒಂದೊಂದು ಪಾಲಿಪಿನ ಮನೆ. ಮನೆಯ ಅಜ್ಜಿ ಐವತ್ತು ವರ್ಷ ಆ ಕಲ್ಲನ್ನು ಒರಸಿ ಇಟ್ಟವರು. ಗಾಜಿನಲ್ಲಿ ನೋಡಿ ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, “ಇಷ್ಟು ಜನ ಇದ್ದರಾ ಇದರಲ್ಲಿ!” ಎಂದರು.

ರೋಬೋಟ್ ಅಂದ್ರೆ ಮನುಷ್ಯನ ಹಾಗೆಯೇ ಇರಬೇಕಾ?

ಬೇಕಿಲ್ಲ. ಕಾರಿನ ಕಾರ್ಖಾನೆಯಲ್ಲಿ ಬೆಸುಗೆ ಹಾಕುವುದು ನೆಲಕ್ಕೆ ಬಿಗಿದ ಒಂಟಿ ತೋಳು, ಅದೂ ರೋಬೋಟೇ. ತಲೆ, ಮೈ, ಎರಡು ಕೈ, ಸಾಧ್ಯವಾದರೆ ಎರಡು ಕಾಲು ಇದ್ದರೆ ಅದನ್ನು ಯಂತ್ರಮಾನವ ಎನ್ನಬಹುದು. ಆ ಆಕಾರದ ಪರವಾಗಿ ಇರುವ ವಾದ ಒಂದೇ, ಆದರೆ ಗಟ್ಟಿಯಾದದ್ದು: ನಮ್ಮ ಮೆಟ್ಟಿಲು, ಬಾಗಿಲ ಹಿಡಿ, ಕತ್ತಿ, ಸುತ್ತಿಗೆ ಎಲ್ಲ ನಮ್ಮ ಮೈಯ ಅಳತೆಗೆ ಮಾಡಿದವು. ಆ ಜಾಗದಲ್ಲಿ ದುಡಿಯುವ ಯಂತ್ರ ನಮ್ಮ ಆಕಾರದಲ್ಲಿದ್ದರೆ ಮನೆ ಬದಲಿಸಬೇಕಾಗಿಲ್ಲ.

ಮೊದಲು ಮಾಡಿದ್ದು ಯಾರು?

ಇಡೀ ಮೈಯ ಮೊದಲ ಯಂತ್ರಮಾನವ ಎಂದು ಹೇಳುವುದು ಜಪಾನಿನ ವಾಸೆಡ ವಿಶ್ವವಿದ್ಯಾಲಯದಲ್ಲಿ ಇಚಿರೊ ಕಾಟೊ ತಂಡ 1973ರಲ್ಲಿ ಮಾಡಿದ ವಾಬೋಟ್-1ನ್ನು. ಹೋಂಡಾ ಕಂಪೆನಿ 2000ದಲ್ಲಿ ಆಸಿಮೊ ತೋರಿಸಿತು. ನನ್ನ ಪ್ರಾಯದವರಿಗೆ ಯಂತ್ರಮಾನವ ಎಂದರೆ ಕಣ್ಣಿಗೆ ಕಟ್ಟುವುದು ಬೆನ್ನಿಗೆ ಚೀಲ ಹೊತ್ತ ಆ ಬಿಳಿ ಬೊಂಬೆಯೇ. 2022ರಲ್ಲಿ ಅದರ ಪ್ರದರ್ಶನ ನಿಂತಿತು. ಬಾಸ್ಟನ್ ಡೈನಮಿಕ್ಸ್‌ನ ಅಟ್ಲಾಸ್ 2013ರಲ್ಲಿ ಬಂತು. ಆಗ ಎಣ್ಣೆಯ ಒತ್ತಡದಿಂದ ಓಡುತ್ತಿತ್ತು, 2024ರಲ್ಲಿ ಪೂರ್ತಿ ವಿದ್ಯುತ್ತಿಗೆ ಬದಲಾಯಿತು. ಈಗ ಅಮೆರಿಕ, ಚೀನಾಗಳಲ್ಲಿ ಹಲವು ಕಂಪೆನಿಗಳು ಪೈಪೋಟಿಗೆ ಇಳಿದಿವೆ.

## ಸ್ವಲ್ಪ ಒಳಕ್ಕೆ

ಮೇಲಿಂದ ನೋಡಿದರೆ ಲಕ್ಷದ್ವೀಪದ ದ್ವೀಪಗಳು ಉಂಗುರದ ಹಾಗೆ ಯಾಕೆ?

ಇದಕ್ಕೆ ಉತ್ತರ ಹೇಳಿದವರು ಚಾರ್ಲ್ಸ್ ಡಾರ್ವಿನ್, 1842ರಲ್ಲಿ. ಮೊದಲು ಕಡಲಿನಿಂದ ಒಂದು ಜ್ವಾಲಾಮುಖಿ ಬೆಟ್ಟ ಏಳುತ್ತದೆ. ಅದರ ಸೊಂಟದ ಸುತ್ತ ಹವಳ ಬೆಳೆಯುತ್ತದೆ. ಬೆಟ್ಟ ಲಕ್ಷಾಂತರ ವರ್ಷಗಳಲ್ಲಿ ಮೆಲ್ಲಗೆ ಕುಸಿಯುತ್ತದೆ, ಹವಳ ಬೆಳಕು ಬಿಡಲಾರದೆ ಮೇಲೆ ಮೇಲೆ ಕಟ್ಟುತ್ತದೆ. ಕಡೆಗೆ ಬೆಟ್ಟ ಮುಳುಗಿ ಹವಳದ ಬಳೆ ಮಾತ್ರ ಉಳಿಯುತ್ತದೆ, ನಡುವೆ ತಿಳಿನೀರಿನ ಹಿನ್ನೀರು. 1952ರಲ್ಲಿ ಶಾಂತಸಾಗರದ ಎನೆವೆಟಕ್ ಎಂಬಲ್ಲಿ ಕೊಳವೆ ಕೊರೆದಾಗ ಸುಮಾರು 1,400 ಮೀಟರ್ ಹವಳದ ಸುಣ್ಣ ದಾಟಿದ ಮೇಲೆ ಜ್ವಾಲಾಮುಖಿಯ ಕಲ್ಲು ಸಿಕ್ಕಿತು. ಡಾರ್ವಿನ್ ಹೇಳಿದ್ದು ಸರಿಯೆಂದು ತಿಳಿಯಲು ನೂರಹತ್ತು ವರ್ಷ ಬೇಕಾಯಿತು.

ಲಕ್ಷದ್ವೀಪದ ಅಡಿಯ ಕಡಲೊಳಗಿನ ಬೆಟ್ಟಸಾಲೂ ಜ್ವಾಲಾಮುಖಿಯದ್ದೇ. ದಖ್ಖನಿನ ಕಪ್ಪುಕಲ್ಲಿನ ಹಾಸನ್ನು ಉಕ್ಕಿಸಿದ ಭೂಗರ್ಭದ ಬಿಸಿಯೇ ಅದನ್ನೂ ಉಕ್ಕಿಸಿತು.

ಹವಳ ಬೆಳ್ಳಗಾಯಿತು ಅಂದ್ರೆ ಸತ್ತಿತು ಎಂದೇ?

ಆ ಕ್ಷಣಕ್ಕೆ ಸತ್ತಿಲ್ಲ, ಹಸಿದಿದೆ. ಬೇಸಿಗೆಯ ಅತಿ ಹೆಚ್ಚಿನ ವಾಡಿಕೆಯ ಬಿಸಿಗಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ ನೀರು ಕೆಲವು ವಾರ ನಿಂತರೆ ಮೈಯೊಳಗಿನ ಪಾಚಿ ಕೆಡುತ್ತದೆ, ಸಕ್ಕರೆಯ ಬದಲು ವಿಷ ಹೊರಬಿಡತೊಡಗುತ್ತದೆ. ಪಾಲಿಪ್ ಅದನ್ನು ಹೊರಗೆ ಹಾಕುತ್ತದೆ. ಬಣ್ಣ ಹೋಗಿ, ಪಾರದರ್ಶಕ ಮಾಂಸದ ಮೂಲಕ ಬಿಳಿ ಸುಣ್ಣ ಕಾಣುತ್ತದೆ. ನೀರು ಬೇಗ ತಣಿದರೆ ಪಾಚಿ ಮರಳಿ ಒಕ್ಕಲಾಗುತ್ತದೆ. ತಣಿಯದಿದ್ದರೆ ಹವಳ ಹಸಿವಿನಿಂದ ಸಾಯುತ್ತದೆ, ಬಿಳಿ ಕಲ್ಲಿನ ಮೇಲೆ ಹಸಿರು ಲೋಳೆ ಹಬ್ಬುತ್ತದೆ.

ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಬಿಳಿಚಿತು, 2024ರಲ್ಲಿ ಮತ್ತೆ. ಅಗತ್ತಿ, ಕಡ್ಮತ್, ಕವರತ್ತಿಗಳಲ್ಲಿ 1998ರಿಂದ 2022ರವರೆಗೆ ಅಳೆಯುತ್ತಾ ಬಂದವರು ಕಂಡದ್ದು ಜೀವಂತ ಹವಳದ ಹಾಸು ಸುಮಾರು ಅರ್ಧಕ್ಕೆ ಇಳಿದದ್ದನ್ನು. ನನ್ನನ್ನು ಕಾಡುವುದು ಒಂದು ಬಿಳಿಚಿಕೆಗಿಂತ ಹೆಚ್ಚಾಗಿ ಎರಡರ ನಡುವಿನ ಬಿಡುವು. ದಪ್ಪ ಗುಂಡು ಹವಳ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಅದು ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಬಿಸಿ ಬರುತ್ತಿದೆ.

ಹವಳ ಹೋದರೆ ನಮಗೇನು ನಷ್ಟ?

ಪ್ರಪಂಚದ ಕಡಲತಳದಲ್ಲಿ ಶೇ. 1ಕ್ಕಿಂತ ಕಡಿಮೆ ಜಾಗ ಹವಳದ್ದು, ಕಡಲ ಜೀವಜಾತಿಗಳಲ್ಲಿ ಸುಮಾರು ಕಾಲುಭಾಗ ಬದುಕಿನ ಯಾವುದಾದರೂ ಹಂತದಲ್ಲಿ ಅದನ್ನು ನೆಚ್ಚಿಕೊಂಡಿದೆ. ಹತ್ತಿರದ ಉದಾಹರಣೆ ಕೊಡುತ್ತೇನೆ. ನಮ್ಮ ಮಾರ್ಕೆಟಿನಲ್ಲಿ ‘ಚೂರ’ ಎಂದು ಕೂಗಿ ಮಾರುವ ಟ್ಯೂನಾವನ್ನು ದ್ವೀಪದವರು ಬಲೆ ಹಾಕದೆ ಬಿದಿರುಕೋಲು, ಗಾಳದಿಂದ ಒಂದೊಂದಾಗಿ ಎತ್ತುತ್ತಾರೆ. ದೋಣಿಯ ಸುತ್ತ ಟ್ಯೂನಾ ಸೇರಲು ಜೀವಂತ ಚಿಕ್ಕ ಮೀನು ಎರಚಬೇಕು. ಆ ಚಿಕ್ಕ ಮೀನು ಸಿಗುವುದು ಹವಳದ ಹಿನ್ನೀರಿನಲ್ಲಿ. ಹವಳ ಇಲ್ಲದಿದ್ದರೆ ಎರೆ ಇಲ್ಲ, ಎರೆ ಇಲ್ಲದಿದ್ದರೆ ಚೂರ ಇಲ್ಲ, ಅದನ್ನು ಬೇಯಿಸಿ ಹೊಗೆಯಲ್ಲಿ ಒಣಗಿಸುವ ಮಾಸ್ ಇಲ್ಲ.

ಇನ್ನೊಂದು ಅಲೆಯ ಲೆಕ್ಕ. ಆರೋಗ್ಯವಾಗಿರುವ ಹವಳದ ದಿಬ್ಬ ಅಲೆಯ ಬಲದಲ್ಲಿ ಸರಾಸರಿ ಶೇ. 97ರಷ್ಟನ್ನು ತಾನೇ ಮುರಿದುಹಾಕುತ್ತದೆ. ಉಪ್ಪಳದಲ್ಲೋ ಕುಂಬಳೆಯಲ್ಲೋ ಕಡಲ್ಕೊರೆತ ಕಂಡವರಿಗೆ ಆ ಅಂಕಿಯ ಬೆಲೆ ವಿವರಿಸಬೇಕಾಗಿಲ್ಲ. ನಾವು ಪ್ರತಿ ಮಳೆಗಾಲ ಲಾರಿಗಟ್ಟಲೆ ಕಲ್ಲು ಸುರಿಯುವ ಕೆಲಸವನ್ನು ದ್ವೀಪದಲ್ಲಿ ಅಕ್ಕಿಕಾಳಿನಷ್ಟು ಜೀವಿ ಮಾಡುತ್ತಾ ಬಂದಿದೆ.

ಒಂದು ವರ್ಷದ ಕೂಸು ನಡೆಯುತ್ತದೆ. ಕೋಟಿ ಸುರಿದ ರೋಬೋಟ್ ಯಾಕೆ ಬೀಳುತ್ತದೆ?

ನಡಿಗೆ ಎಂದರೆ ಬೀಳುವುದನ್ನು ಪ್ರತಿ ಹೆಜ್ಜೆಗೂ ತಡೆಯುವುದು. ಒಂದು ಕಾಲು ಎತ್ತಿದಾಗ ಮೈಯ ಭಾರ ಇನ್ನೊಂದು ಪಾದದ ಅಂಗೈಯಗಲ ಜಾಗದ ಮೇಲೆ ನಿಲ್ಲಬೇಕು. ಸೊಪ್ಪಿನ ಹೊರೆ ಹೊತ್ತು ಗದ್ದೆಯ ಹುಣಿಯ ಮೇಲೆ ನಡೆಯುವ ಹೆಂಗಸನ್ನು ನೋಡಿ. ಕೆಸರು ಜಾರಿದ್ದನ್ನು ಪಾದ, ಓಲಿದ್ದನ್ನು ಒಳಕಿವಿ, ಹೊರೆ ವಾಲಿದ್ದನ್ನು ಕುತ್ತಿಗೆ ತಿಳಿಸುತ್ತದೆ, ಸೊಂಟ ತಾನಾಗಿ ಸರಿಪಡಿಸುತ್ತದೆ. ಅವರು ಪಕ್ಕದವರೊಂದಿಗೆ ಮಾತಾಡುತ್ತಲೇ ಇರುತ್ತಾರೆ.

ಆಸಿಮೊ ಕಾಲದ ಯಂತ್ರಗಳು ಹೆಜ್ಜೆಯನ್ನು ಮೊದಲೇ ಲೆಕ್ಕ ಹಾಕಿ ಮೊಣಕಾಲು ಬಗ್ಗಿಸಿ ನಡೆಯುತ್ತಿದ್ದವು; ಲೆಕ್ಕದಲ್ಲಿಲ್ಲದ ಕಲ್ಲು ಸಿಕ್ಕರೆ ಕಷ್ಟ. ಈಗಿನವು ಕಂಪ್ಯೂಟರಿನೊಳಗಿನ ನಕಲಿ ನೆಲದಲ್ಲಿ ಸಾವಿರಾರು ಪ್ರತಿಗಳಾಗಿ ಬಿದ್ದು ಎದ್ದು ಕಲಿತು ಆಮೇಲೆ ನಿಜದ ಮೈಗೆ ಬರುತ್ತವೆ. 2025ರ ಏಪ್ರಿಲಿನಲ್ಲಿ ಬೀಜಿಂಗಿನಲ್ಲಿ ಯಂತ್ರಮಾನವರನ್ನು ಸುಮಾರು 21 ಕಿಲೋಮೀಟರ್ ಓಡಿಸಿದರು. ಗೆದ್ದ ‘ಟಿಯಾಂಗಾಂಗ್’ ತೆಗೆದುಕೊಂಡದ್ದು 2 ಗಂಟೆ 40 ನಿಮಿಷ, ದಾರಿಯಲ್ಲಿ ಬ್ಯಾಟರಿ ಬದಲಿಸಿಕೊಂಡು. ಹಲವು ಯಂತ್ರಗಳು ಅರ್ಧದಲ್ಲೇ ಉಳಿದವು.

ಹವಳಕ್ಕೂ ಯಂತ್ರಮಾನವನಿಗೂ ಎಲ್ಲಿಯ ನೆಂಟಸ್ತಿಕೆ? ಎರಡನ್ನೂ ಒಟ್ಟಿಗೆ ಯಾಕೆ ಹೇಳುತ್ತೀರಿ?

ನಿಜವಾದ ನೆಂಟಸ್ತಿಕೆ ಉಂಟು. ಓಷನ್‌ವನ್ ಎಂಬ ಮುಳುಗುವ ಯಂತ್ರಮಾನವ ಹುಟ್ಟಿದ್ದೇ ಹವಳದ ನೆಪದಲ್ಲಿ.

ಕೆಂಪು ಕಡಲಿನ ಆಳದ ಹವಳವನ್ನು ಅಧ್ಯಯನ ಮಾಡಬೇಕಿತ್ತು. ಮೋಜಿಗೆ ಮುಳುಗುವವರ ಮಿತಿ ಸುಮಾರು 40 ಮೀಟರ್. ಹವಳ ಅದಕ್ಕಿಂತ ಕೆಳಗೂ, ನೂರು ಮೀಟರ್ ದಾಟಿಯೂ ಮಸುಕು ಬೆಳಕಿನಲ್ಲಿ ಬದುಕುತ್ತದೆ. ಅಲ್ಲಿಗೆ ಇಳಿದ ಮನುಷ್ಯ ಬೇಗ ಮೇಲೆ ಬಂದರೆ ರಕ್ತದಲ್ಲಿ ಗಾಳಿಗುಳ್ಳೆ ಎದ್ದು ಪ್ರಾಣಕ್ಕೆ ಸಂಚಕಾರ. ಆಗ ಇದ್ದ ಕಡಲ ರೋಬೋಟುಗಳೋ, ತೈಲಬಾವಿಯ ಕೊಳವೆ ತಿರುಗಿಸಲು ಮಾಡಿದ ಪೆಟ್ಟಿಗೆಗಳು. ಅವುಗಳ ಇಕ್ಕುಳ ತಾಗಿದರೆ ಮೂವತ್ತು ವರ್ಷದ ಕೊಂಬೆ ಹಪ್ಪಳದಂತೆ ಮುರಿಯುತ್ತದೆ. ಸೌದಿಯ ಕಿಂಗ್ ಅಬ್ದುಲ್ಲಾ ವಿಶ್ವವಿದ್ಯಾಲಯದ ಈ ಬಯಕೆಯನ್ನು ಸ್ಟ್ಯಾನ್‌ಫರ್ಡ್‌ನ ಉಸಾಮಾ ಖತೀಬ್ ಕೈಗೆತ್ತಿಕೊಂಡರು. ಅವರ ತಂಡ ಕಟ್ಟಿದ ಯಂತ್ರಕ್ಕೆ ಎರಡು ಕಣ್ಣಿನ ತಲೆ, ಭುಜ, ಎರಡು ಪೂರ್ಣ ತೋಳು, ಬೆರಳಿರುವ ಕೈ. ಸೊಂಟದ ಕೆಳಗೆ ಕಾಲಿಲ್ಲ. ಬ್ಯಾಟರಿ, ಕಂಪ್ಯೂಟರ್ ಮತ್ತು ನೂಕುವ ಎಂಟು ಫ್ಯಾನುಗಳಿರುವ ಬಾಲ. ಉದ್ದ ಸುಮಾರು ಐದು ಅಡಿ.

2016ರಲ್ಲಿ ಅದರ ದೊಡ್ಡ ಪರೀಕ್ಷೆ ನಡೆದದ್ದು ಫ್ರಾನ್ಸಿನ ತೂಲೋನ್ ಬಳಿ, 1664ರಲ್ಲಿ ಮುಳುಗಿದ ಲಾ ಲೂನ್ ಎಂಬ ಹಡಗಿನ ಅವಶೇಷದಲ್ಲಿ, ಸುಮಾರು 100 ಮೀಟರ್ ಆಳದಲ್ಲಿ. ಅಲ್ಲಿ ಒಂದು ಹೂಜಿಯನ್ನು ಒಡೆಯದೆ ಎತ್ತಿ ಬುಟ್ಟಿಗೆ ಹಾಕಿತು. ನನಗೆ ಹೂಜಿಗಿಂತ ಇಷ್ಟ ಇನ್ನೊಂದು ಘಟನೆ. ಯಂತ್ರ ಎರಡು ಫಿರಂಗಿಗಳ ನಡುವೆ ಸಿಕ್ಕಿಕೊಂಡಿತು, ಫ್ಯಾನು ಎಷ್ಟು ತಿರುಗಿದರೂ ಬಿಡಲಿಲ್ಲ. ಖತೀಬ್ ಮೇಲೆ ಹಡಗಿನಲ್ಲಿ ಕೂತು ಅದರ ಎರಡೂ ಕೈಗಳನ್ನು ಫಿರಂಗಿಗೆ ಊರಿ ನೂಕಿ ಹೊರಗೆ ತಂದರು. ಇಕ್ಕಟ್ಟಿನ ಅಟ್ಟದಲ್ಲಿ ಸಿಕ್ಕಿಕೊಂಡರೆ ನಾವು ಮಾಡುವುದೂ ಅದನ್ನೇ.

ಮೇಲೆ ಕೂತವರು ಆಡಿಸುವುದಾದರೆ ಅದು ಗೊಂಬೆಯಾಟ ಅಲ್ಲವಾ?

ಹೌದು, ಇದು ಸರಿಯಾದ ಹೋಲಿಕೆ. ನಮ್ಮ ಜಿಲ್ಲೆಯ ಯಕ್ಷಗಾನ ಗೊಂಬೆಯಾಟ ಕಂಡವರಿಗೆ ಬೇಗ ಅರ್ಥವಾಗುತ್ತದೆ. ಸೂತ್ರ ಹಿಡಿದವರ ಬೆರಳಿಗೆ ಗೊಂಬೆಯ ಭಾರ ತಿಳಿಯುತ್ತಲೇ ಇರುತ್ತದೆ. ಗದೆ ರಂಗಕ್ಕೆ ತಾಗಿದರೆ ದಾರ ಸಡಿಲವಾಗುತ್ತದೆ, ಸೆಳೆದರೆ ಬಿಗಿಯುತ್ತದೆ. ದಾರದಲ್ಲಿ ಮೇಲಿಂದ ಕೆಳಗೆ ಆಜ್ಞೆ, ಕೆಳಗಿಂದ ಮೇಲೆ ಸುದ್ದಿ.

ಓಷನ್‌ವನ್‌ನಲ್ಲೂ ಹಾಗೆಯೇ. ಮಣಿಕಟ್ಟಿನಲ್ಲಿರುವ ಸಂವೇದಕ ತಾಗಿದ ಬಲವನ್ನು ಅಳೆದು ಕೇಬಲಿನ ಮೂಲಕ ಮೇಲೆ ಕಳಿಸುತ್ತದೆ, ಮೇಲಿನವರ ಕೈಯಲ್ಲಿರುವ ಹಿಡಿ ಅಷ್ಟೇ ಬಲದಿಂದ ತಿರುಗಿ ತಳ್ಳುತ್ತದೆ. ಹೂಜಿ ಭಾರವೋ ಹಗುರವೋ, ಹವಳ ಗಟ್ಟಿಯೋ ಮೆದುವೋ ಅವರಿಗೆ ಗೊತ್ತಾಗುತ್ತದೆ. ವ್ಯತ್ಯಾಸವೂ ಉಂಟು: ಗೊಂಬೆ ಬಿಟ್ಟರೆ ಕುಸಿಯುತ್ತದೆ, ಇದು ಬಿಟ್ಟರೂ ತನ್ನ ಜಾಗದಲ್ಲಿ ನಿಲ್ಲುತ್ತದೆ. ನೀರಿನಲ್ಲಿ ಕೈ ಮುಂದೆ ಚಾಚಿದರೆ ಮೈ ಹಿಂದೆ ಸರಿಯುತ್ತದೆ, ಸೆಳವು ಬೇರೆ. ಫ್ಯಾನುಗಳು ಆ ಲೆಕ್ಕವನ್ನು ತಾವೇ ನೋಡಿಕೊಳ್ಳುತ್ತವೆ, ಕೈಯ ಕೆಲಸ ಮಾತ್ರ ಮನುಷ್ಯನಿಗೆ ಬಿಡುತ್ತವೆ.

## ಆಳಕ್ಕೆ ಇಳಿಯುವವರಿಗೆ

ನೀರಿನಡಿ ಸಿಗ್ನಲ್ ಇಲ್ಲ. ಯಂತ್ರ ದಾರಿ ಹೇಗೆ ಹಿಡಿಯುತ್ತದೆ?

ರೇಡಿಯೋ ಅಲೆ ಉಪ್ಪುನೀರಿನಲ್ಲಿ ಹೋಗದು, ಆದ್ದರಿಂದ ಜಿಪಿಎಸ್, ವೈಫೈ ಎರಡೂ ಇಲ್ಲ. ಉಳಿದದ್ದು ಶಬ್ದ. ಅದು ಕಡಲಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಗಿಂತ ನಾಲ್ಕು ಪಾಲು ಹೆಚ್ಚು ವೇಗ. ಆದರೆ ಶಬ್ದದಲ್ಲಿ ಕಳಿಸಬಹುದಾದ ಮಾಹಿತಿ ತೀರಾ ಕಡಿಮೆ. ವಿಡಿಯೋ ಬೇಕಾದರೆ ಕೇಬಲ್ ಕಟ್ಟಬೇಕು. ಕೆಂಪು ಬೆಳಕು ಮೊದಲ ಹತ್ತು ಮೀಟರಿನಲ್ಲೇ ನೀರು ಪಾಲಾಗುವುದರಿಂದ ಕ್ಯಾಮೆರಾ ಕಾಣುವುದೆಲ್ಲ ನೀಲಿ.

ಆಳದಲ್ಲಿ ಒತ್ತಡದ ಕಾಟ ಬೇರೆ. ಪ್ರತಿ 10 ಮೀಟರಿಗೆ ಇನ್ನೊಂದು ವಾತಾವರಣದ ಭಾರ. ಅದಕ್ಕಾಗಿ ತೋಳಿನೊಳಗೆ ಗಾಳಿಯ ಬದಲು ಎಣ್ಣೆ ತುಂಬುತ್ತಾರೆ. ಎಣ್ಣೆ ಕುಗ್ಗದ ಕಾರಣ ತೋಳು ನಜ್ಜುಗುಜ್ಜಾಗದು. ಹೀಗೆ ಕಟ್ಟಿದ ಮುಂದಿನ ಮಾದರಿ 2022ರಲ್ಲಿ ಮೆಡಿಟರೇನಿಯನ್ನಿನಲ್ಲಿ 800 ಮೀಟರ್ ದಾಟಿ ಇಳಿಯಿತು.

ಹವಳದ ಎಲ್ಲ ಕೆಲಸಕ್ಕೂ ಮನುಷ್ಯಾಕಾರ ಬೇಕಾ? ನಿಮ್ಮ ಅಭಿಪ್ರಾಯ ಹೇಳಿ.

ಬೇಡ. ಹೆಚ್ಚಿನ ಕೆಲಸಕ್ಕೆ ಬೇಡವೇ ಬೇಡ.

ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಹವಳ ತಿನ್ನುವ ಒಂದು ನಕ್ಷತ್ರಮೀನು ಉಂಟು, ಮೈಯೆಲ್ಲ ಮುಳ್ಳು, ಇಪ್ಪತ್ತರವರೆಗೂ ತೋಳು. ಒಂದೇ ಮೀನು ವರ್ಷಕ್ಕೆ ಹತ್ತು ಚದರ ಮೀಟರಿನಷ್ಟು ಹವಳ ಮುಗಿಸಬಲ್ಲದು. ಕ್ವೀನ್ಸ್‌ಲ್ಯಾಂಡ್ ತಾಂತ್ರಿಕ ವಿಶ್ವವಿದ್ಯಾಲಯದವರು ಅದನ್ನು ಕ್ಯಾಮೆರಾದಲ್ಲಿ ಗುರುತಿಸಿ ಚುಚ್ಚುಮದ್ದು ಕೊಟ್ಟು ಕೊಲ್ಲುವ ಯಂತ್ರ ಮಾಡಿದರು. 2018ರಲ್ಲಿ ಬಂದ ಅದರ ಸುಧಾರಿತ ರೂಪ ರೇಂಜರ್‌ಬಾಟ್ 15 ಕಿಲೋ ತೂಗುವ ಹಳದಿ ಪೆಟ್ಟಿಗೆ. ಅದೇ ಪೆಟ್ಟಿಗೆಗೆ ಬದಲಾವಣೆ ಮಾಡಿ ಹವಳದ ಮರಿಗಳನ್ನು ಸತ್ತ ದಿಬ್ಬದ ಮೇಲೆ ಬಿತ್ತಿದರು. ಎರಡಕ್ಕೂ ಭುಜ ಬೇಡ, ಮುಖ ಬೇಡ.

ಜಪಾನಿನ ಫುಕುಶಿಮಾ ಅಣುಸ್ಥಾವರದ ದುರಂತದ ನಂತರ ಅಮೆರಿಕ ನಡೆಸಿದ ರೋಬೋಟ್ ಸ್ಪರ್ಧೆಯಲ್ಲಿ 2015ರಲ್ಲಿ ಗೆದ್ದದ್ದು ಕೊರಿಯಾದ ಹ್ಯೂಬೊ. ಅದು ಮೊಣಕಾಲೂರಿ ಕೂತು, ಅಲ್ಲಿದ್ದ ಚಕ್ರಗಳಿಂದ ಉರುಳಬಲ್ಲದಾಗಿತ್ತು. ಉಳಿದವು ಬಾಗಿಲು ತೆಗೆಯಲು ಹೋಗಿ ಬೀಳುತ್ತಿದ್ದಾಗ ಅದು ಮಂಡಿಯೂರಿ ಮುಂದೆ ಹೋಯಿತು. ನನ್ನ ಅಭಿಪ್ರಾಯ ಅಲ್ಲಿಯೇ ನಿಂತಿದೆ. ಮನುಷ್ಯನಿಂದ ಎರವಲು ಪಡೆಯುವಂಥದ್ದು ಕೈ. ಕೊಂಬೆಯ ಸಂದಿನಲ್ಲಿ ಬೆರಳು ತೂರಿಸಿ ಒಂದು ಚೂರು ಮಾದರಿ ಮುರಿದುಕೊಳ್ಳುವುದು, ನೆಟ್ಟ ಹವಳದ ದಾರ ಬಿಗಿಯುವುದು, ಇಂಥಲ್ಲಿ ಕೈಗೆ ಸಮಾನವಾದದ್ದು ಇನ್ನೂ ಬಂದಿಲ್ಲ. ಉಳಿದ ಕಡೆ ಮನುಷ್ಯಾಕಾರಕ್ಕೆ ಹಣ ಸುರಿಯುವುದು ನನಗೆ ಸರಿ ಕಾಣುವುದಿಲ್ಲ.

ಯಂತ್ರದಿಂದ ಹವಳ ನೆಟ್ಟು ಎಲ್ಲವನ್ನೂ ಉಳಿಸಬಹುದಲ್ಲ?

ಒಂದು ಹಿನ್ನೀರು, ಒಂದು ದಿಬ್ಬ ಉಳಿಸಬಹುದು. ಎಲ್ಲವನ್ನೂ ಆಗದು. ತೋಟಕ್ಕೆ ನೀರೇ ಇಲ್ಲದ ವರ್ಷ ಹೊಸ ಅಡಿಕೆ ಸಸಿ ನೆಟ್ಟ ಹಾಗೆ. ಕಡಲು ಬಿಸಿಯಾಗುತ್ತಲೇ ಹೋದರೆ ನೆಟ್ಟದ್ದೂ ಬಿಳಿಚುತ್ತದೆ. ಭೂಮಿಯ ಸರಾಸರಿ ಬಿಸಿ 1.5 ಡಿಗ್ರಿ ಏರಿದರೆ ಬೆಚ್ಚನೆ ನೀರಿನ ಹವಳದಲ್ಲಿ ಶೇ. 70ರಿಂದ 90ರಷ್ಟು, 2 ಡಿಗ್ರಿ ಏರಿದರೆ ಶೇ. 99ಕ್ಕಿಂತ ಹೆಚ್ಚು ಹೋಗುತ್ತದೆ ಎಂದು ಹವಾಮಾನ ಕುರಿತ ಅಂತರಸರ್ಕಾರಿ ಸಮಿತಿ 2018ರಲ್ಲಿ ಹೇಳಿತು. ಕಲ್ಲಿದ್ದಲು, ಪೆಟ್ರೋಲು ಸುಡುವುದನ್ನು ತಗ್ಗಿಸುವ ಕೆಲಸವನ್ನು ಯಾವ ರೋಬೋಟಿಗೂ ವಹಿಸಲಾಗದು. ನಾನು ಯಂತ್ರಗಳ ಬಗ್ಗೆ ಇಷ್ಟು ಪ್ರೀತಿಯಿಂದ ಮಾತಾಡುವವನಾದ್ದರಿಂದಲೇ ಇದನ್ನು ಪ್ರತಿ ಸಭೆಯಲ್ಲೂ ಸ್ಪಷ್ಟವಾಗಿ ಹೇಳುತ್ತೇನೆ.

ನಮ್ಮ ದೇಶದಲ್ಲಿ ಎಂತ ಆಗ್ತಾ ಉಂಟು?

ಹವಳದ ಕಡೆಯಿಂದ ಹೇಳುವುದಾದರೆ ತಮಿಳುನಾಡಿನ ಮನ್ನಾರ್ ಖಾರಿಯಲ್ಲಿ ಸುಣ್ಣಕ್ಕೆಂದು ಹವಳ ಅಗೆದು ಅಗೆದು ಎರಡು ದ್ವೀಪಗಳೇ ಮುಳುಗಿದವು. ಅದೇ ಖಾರಿಯಲ್ಲಿ ಈಗ ತೂತುಕುಡಿಯ ಸಂಶೋಧಕರು ಹವಳ ನೆಡುತ್ತಿದ್ದಾರೆ, ಕೊರೆದುಹೋಗುತ್ತಿದ್ದ ವಾನ್ ದ್ವೀಪದ ಎದುರು ಕಾಂಕ್ರೀಟಿನ ಕೃತಕ ದಿಬ್ಬಗಳನ್ನು ಇಳಿಸಿದ್ದಾರೆ. ಗುಜರಾತಿನ ಮಿಠಾಪುರದಲ್ಲಿ 2020ರಲ್ಲಿ ಕಬ್ಬಿಣದ ಚೌಕಟ್ಟಿಗೆ ಸಣ್ಣ ವಿದ್ಯುತ್ ಹರಿಸಿ ಅದರ ಮೇಲೆ ಸುಣ್ಣ ಕಟ್ಟುವಂತೆ ಮಾಡಿ ಹವಳ ಕೂರಿಸಿದರು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹವಳದ ಮೇಲೆ ಕಣ್ಣಿಡಲೆಂದೇ ‘ಸಿ-ಬಾಟ್’ ಎಂಬ ಈಜುವ ಯಂತ್ರ ಮಾಡಿದೆ.

ಯಂತ್ರಮಾನವರಲ್ಲಿ ಎದ್ದು ಕಾಣುವುದು ಇಸ್ರೋದ ವ್ಯೋಮಮಿತ್ರ. 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಜನರಿಗೆ ತೋರಿಸಿದರು, ಗಗನಯಾನಕ್ಕಾಗಿ. ಅವಳಿಗೂ ಕಾಲಿಲ್ಲ. ತೂಕವಿಲ್ಲದ ಜಾಗದಲ್ಲಿ ಕಾಲಿಗೆ ಕೆಲಸವಿಲ್ಲ, ಗುಂಡಿ ಒತ್ತಲು ಕೈ ಬೇಕು.

ಕೈಗೆ ಸ್ಪರ್ಶ ಕಲಿಸುವುದು ಯಾಕೆ ಅಷ್ಟು ಕಷ್ಟ? ಸಂವೇದಕ ಅಂಟಿಸಿದರೆ ಆಗದಾ?

ನಮ್ಮ ಒಂದು ಅಂಗೈಯಲ್ಲಿ, ಬೆರಳುಗಳೂ ಸೇರಿ, ಸ್ಪರ್ಶ ಗ್ರಹಿಸುವ ಸುಮಾರು 17,000 ನರತುದಿಗಳು ಇವೆ. ಕೆಲವು ಒತ್ತಡ ಹೇಳುತ್ತವೆ, ಕೆಲವು ಜಾರುವುದನ್ನು, ಕೆಲವು ನಡುಕವನ್ನು. ವಸ್ತು ಜಾರತೊಡಗಿದ ಗಳಿಗೆಯಲ್ಲೇ, ನಮಗೆ ಅರಿವಾಗುವ ಮುಂಚೆಯೇ ಹಿಡಿ ಬಿಗಿಯುತ್ತದೆ. ಯಂತ್ರದ ಬೆರಳಿನಲ್ಲಿ ಅಷ್ಟು ಸಂವೇದಕ, ತಂತಿ ತುಂಬುವುದು ಒಂದು ಕಷ್ಟ. ಬಂದ ಸುದ್ದಿಯನ್ನು ಆ ವೇಗದಲ್ಲಿ ಓದಿ ಮೋಟಾರಿಗೆ ತಿಳಿಸುವುದು ಇನ್ನೊಂದು. ನೀರಿನಡಿ ಮೂರನೆಯದು ಸೇರುತ್ತದೆ, ಒತ್ತಡ ಎಲ್ಲ ದಿಕ್ಕಿನಿಂದಲೂ ಇರುವಾಗ ಹವಳ ತಾಗಿದ ಒತ್ತಡವನ್ನು ಬೇರ್ಪಡಿಸಿ ತಿಳಿಯಬೇಕು.

ಬದಿಯಡ್ಕದ ಕಡೆಯ ಒಂದು ಶಾಲೆಯಲ್ಲಿ ಎಂಟನೆಯ ಮಕ್ಕಳು ಇದನ್ನು ನನಗಿಂತ ಚೆನ್ನಾಗಿ ತೋರಿಸಿದರು. ಆಟಿಕೆಯಂಥ ಚಿಕ್ಕ ಮೋಟಾರಿನ ಎರಡು ಬೆರಳು ಕಟ್ಟಿ, ಹಿತ್ತಿಲ ನೇರಳೆ ಹಣ್ಣನ್ನು ತಟ್ಟೆಯಿಂದ ಬಟ್ಟಲಿಗೆ ದಾಟಿಸಬೇಕು. ಮೊದಲ ದಿನ ಎಲ್ಲ ಹಣ್ಣೂ ಪಚ್ಚೆಂದವು. ಎರಡನೆಯ ದಿನ ಬೆರಳ ತುದಿಗೆ ಪಾತ್ರೆ ತಿಕ್ಕುವ ಸ್ಪಂಜು ಅಂಟಿಸಿ, ಅದರಡಿ ಒತ್ತಿದರೆ ವಿದ್ಯುತ್ ತಡೆ ಕಡಿಮೆಯಾಗುವ ಬಿಲ್ಲೆ ಇಟ್ಟರು. ಅಂಕಿ ಏರಿದೊಡನೆ ಮೋಟಾರ್ ನಿಲ್ಲಬೇಕು. ಈಗ ಹಣ್ಣು ಒಡೆಯಲಿಲ್ಲ, ಜಾರಿ ಬಿತ್ತು. ಎಷ್ಟು ಅಂಕಿಗೆ ನಿಲ್ಲಿಸಬೇಕೆಂದು ಒಬ್ಬಳು ಹುಡುಗಿ ತನ್ನ ಬೆರಳಿನಿಂದಲೇ ಹಣ್ಣನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು, ಕಣ್ಣು ಮುಚ್ಚಿ ಯೋಚಿಸಿ ಪುಸ್ತಕದಲ್ಲಿ ಬರೆದುಕೊಂಡಳು. ಶುಕ್ರವಾರ ಸಂಜೆ ಹತ್ತರಲ್ಲಿ ಏಳು ಹಣ್ಣು ಬಟ್ಟಲು ಸೇರಿದವು. ಉಳಿದ ಮೂರರ ನೀಲಿ ಕಲೆ ಆ ಮೇಜಿನ ಮೇಲೆ ಈಗಲೂ ಉಂಟು, ಒರಸಲು ಅವರು ಬಿಡುವುದಿಲ್ಲ.